ಬುಡ ನೋಡದ ಅಣಬೆ

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಅಂದರೆ ನನ್ನ ಬಾಯಿ ಕಟ್ಟಿಹೋಗುತ್ತೆ. ಆ ಅಣಬೆ ಕಿತ್ತವಳು ನಮ್ಮಕ್ಕ ಗಂಗುಲಮ್ಮ ಅಲ್ಲ, ನಾನು. ಕದಿರಮ್ಮ. ಊರು ಇವತ್ತಿಗೂ ಅವಳ ಹೆಸರೇ ಹೇಳುತ್ತೆ. "ಅಣಬೆ ಗಂಗುಲಮ್ಮ, ಹೆತ್ತ ಮಗಳಿಗೇ ವಿಷ ಇಕ್ಕಿದಳಲ್ಲ, ಪಾಪ" ಅಂತಾರೆ. ಪಾಪ ಅಂತ ಸೇರಿಸೋದು ಬೇರೆ! ಆ ಮಾತು ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತೆ. ಉರಿದು ಏನು ಬಂತು, ಎಂಟು ವರ್ಷ ಬಾಯಿ ಮುಚ್ಚಿಕೊಂಡು ಕೂತವಳು ನಾನೇ ತಾನೆ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ವಾರಗಿತ್ತಿ. ಅವಳ ಗಂಡ ಆವಲಪ್ಪ ಹಿರಿಯರು, ನನ್ನ ಗಂಡ ಮುನಿಶಾಮಪ್ಪ ಅವರ ತಮ್ಮ. ಮಂಚೇನಹಳ್ಳಿಯಿಂದ ಎರಡು ಮೈಲಿ ಒಳಗೆ, ಗುಡ್ಡದ ಕೆಳಗೆ ನಮ್ಮೂರು. ಒಂದೇ ಮನೆ, ಒಂದೇ ಒಲೆ. ನಾನು ಆ ಮನೆಗೆ ಕಾಲಿಟ್ಟಾಗ ನನಗೆ ಹದಿನಾರು, ಅವಳಿಗೆ ಇಪ್ಪತ್ತೆಂಟು. ಅವಳಿಗೆ ಉಳಿದದ್ದು ಒಂದೇ ಮಗಳು, ಲಕ್ಷ್ಮಿದೇವಿ. ಅವಳ ಹಿಂದಿನ ಎರಡು ಕೂಸು ವರ್ಷ ತುಂಬೋಕೆ ಮುಂಚೆ ಹೋಗಿದ್ದವು. ನನಗೆ ಅಷ್ಟೂ ಇಲ್ಲ. ಹತ್ತು ವರ್ಷ ಸಂಸಾರ ಮಾಡಿದರೂ ಮಡಿಲು ತುಂಬಲಿಲ್ಲ.

ನಮ್ಮಕ್ಕ ಹಿಂದೂಪುರದ ಕಡೆಯವಳು. ಕುಳ್ಳಗೆ, ಕಪ್ಪಗೆ, ಗದ್ದ ಎತ್ತಿಕೊಂಡು ನಡೀತಿದ್ದಳು. ಸಿಟ್ಟು ಬಂದರೆ ತೆಲುಗು, ಸಂತೋಷ ಆದರೂ ತೆಲುಗು. ಹುತ್ತದ ಅಣಬೆಯನ್ನ ಅವಳು ಪುಟ್ಟಗೊಡುಗು ಅಂತಲೇ ಕರೀತಿದ್ದಳು. ಸಂಜೆ ಗುಡುಗು ಹೊಡೆದು ಮಳೆ ಬಂತು ಅಂದರೆ ಮಾರನೇ ಬೆಳಗ್ಗೆ ಅವಳನ್ನ ಹಿಡಿಯೋರಿಲ್ಲ. ಸೆಗಣಿ ಬಾಚೋದು ಬಿಟ್ಟು, ಹಾಲು ಕರೆಯೋದು ನನ್ನ ತಲೆಗೆ ಕಟ್ಟಿ, ಪುಟ್ಟಿ ಹಿಡಿದು ಗುಡ್ಡದ ದಾರಿ ಹಿಡಿಯೋಳು. ಯಾವ ಹುತ್ತದಲ್ಲಿ ಯಾವ ಮಳೆಗೆ ಏಳುತ್ತೆ, ಹೋದ ವರ್ಷ ಎಷ್ಟು ಎದ್ದಿತ್ತು, ಎಲ್ಲಾ ಅವಳ ತಲೆಯಲ್ಲಿ ಇರ್ತಿತ್ತು.

ಊರ ಹೆಂಗಸರು ತಾವು ಕಿತ್ತದ್ದನ್ನೂ ನಮ್ಮ ಜಗಲಿಗೆ ತರೋರು. ಅವಳು ಒಂದು ಎತ್ತಿ, ತಿರುಗಿಸಿ, ಮೂಸಿ, ಚೂರು ಮುರಿದು ನೋಡಿ, "ತಿನ್ನು" ಅನ್ನೋಳು, ಇಲ್ಲಾ "ತಿಪ್ಪೆಗೆ ಹಾಕು" ಅನ್ನೋಳು. ಎರಡೇ ಮಾತು. ಯಾರೂ ಎದುರಾಡ್ತಿರಲಿಲ್ಲ. ಅವಳು ತಿನ್ನು ಅಂದದ್ದು ತಿಂದು ಯಾರಿಗೂ ಹೊಟ್ಟೆ ಕೂಡ ನೊಂದದ್ದಿಲ್ಲ. ನನಗೆ ಇದನ್ನ ನೋಡಿ ನೋಡಿ ಒಳಗೇ ಕುದಿಯೋದು. ಹೇಳೋಕೇನು ನಾಚಿಕೆ, ಹೊಟ್ಟೆಕಿಚ್ಚು. ನನ್ನನ್ನೂ ಜೊತೆಗೆ ಕರಕೊಂಡು ಹೋಗಿ, ಬಂದ ಮೇಲೆ ನಾಲ್ಕು ಜನದ ಮುಂದೆ ನಗೋಳು, "ನಮ್ಮ ಕದಿರಿ ಕಣ್ಣು ಅಡುಗೆಮನೇಲೇ ಬಿಟ್ಟು ಬರ್ತಾಳೆ" ಅಂತ. ತಮಾಷೆಗೆ ಅಂದದ್ದೇ ಸರಿ. ಚುಚ್ಚೋದು ಚುಚ್ಚುತ್ತೆ.

ಹುತ್ತದ ಹತ್ತಿರ ಅವಳದ್ದೊಂದು ಪದ್ಧತಿ ಇತ್ತು. ಅವಳದ್ದೇನು, ನಮ್ಮ ಕಡೆ ಎಲ್ಲರದ್ದೂ ಅದೇ. ಮೊದಲು ಹುತ್ತಕ್ಕೆ ಅರಿಶಿನ ಕುಂಕುಮ. ಮೊದಲು ಕಣ್ಣಿಗೆ ಬಿದ್ದ ಅಣಬೆ ನಾಗಪ್ಪನಿಗೆ, ಅದನ್ನ ಮುಟ್ಟೋ ಹಾಗಿಲ್ಲ. ಉಳಿದದ್ದನ್ನ ಮಣ್ಣಿನ ಮಟ್ಟಕ್ಕೆ ಉಗುರಲ್ಲಿ ಚಿವುಟಬೇಕು. ಬುಡಕ್ಕೆ ಕೈ ಹಾಕಬಾರದು, ಅಲ್ಲಾಡಿಸಬಾರದು, ಅಗೀಬಾರದು. "ಬುಡ ಕಿತ್ತರೆ ಹುತ್ತ ಬಾಯಿ ಬಿಡುತ್ತೆ. ನಾಗಪ್ಪ ಮುನಿಸ್ಕೋತಾನೆ. ಮುಂದಿನ ವರ್ಷ ಒಂದೂ ಏಳಲ್ಲ" ಅಂತ ನನ್ನ ಕೈಮೇಲೆ ಹೊಡೆದು ಕಲಿಸಿದ್ದಳು. ಇನ್ನೊಂದು ಅವಳದ್ದೇ ಕಟ್ಟಪ್ಪಣೆ. ಜಂಗಲ್ ಇಲಾಖೆಯವರು ನಾನು ಆ ಮನೆಗೆ ಬಂದ ಮೂರ್ನಾಲ್ಕು ವರ್ಷಕ್ಕೆ ಗುಡ್ಡದ ಬುಡಕ್ಕೆ ನೀಲಗಿರಿ ಗಿಡ ಹಾಕಿಸಿದ್ದರು. ಅದರ ಕೆಳಗೆ ಏನು ಎದ್ದರೂ ಮುಟ್ಟಬಾರದು. "ಆ ಮರ ನಮ್ಮ ಮರ ಅಲ್ಲ. ಅದರಡಿ ಹುಟ್ಟೋದರ ಗುಣ ನನಗೆ ಗೊತ್ತಿಲ್ಲ" ಅನ್ನೋಳು. ಗೊತ್ತಿಲ್ಲ ಅಂತ ಅವಳು ಹೇಳ್ತಿದ್ದದ್ದು ಅದೊಂದಕ್ಕೇ.

ನಮ್ಮ ಬಾವ ಆವಲಪ್ಪನವರು ಮಾತು ಕಮ್ಮಿ ಮನುಷ್ಯ. ಹೊಲದಿಂದ ಬಂದು, ಜಗಲಿ ಕಂಬದ ಹತ್ತಿರ ನೇಗಿಲು ಇಟ್ಟು, ಕಾಲು ತೊಳೆಯೋಕೆ ಮುಂಚೆ ಒಂದು ಮಾತು ಕೇಳೋರು. "ಊಟ ಆಯ್ತಾ, ಗಂಗೂ?" ದಿನಾ ಅದೇ ಮಾತು. ಅವಳು ಆ ಕಂಬಕ್ಕೆ ತಲೆ ಆನಿಸಿ ಕೂತಿರೋಳು. ಅವರು ಉಣ್ಣದೆ ತಾನು ಉಣ್ಣೋಳಲ್ಲ, ಅದು ಅವರಿಗೂ ಗೊತ್ತು. ಆದರೂ ಕೇಳೋರು, ಅವಳೂ "ಇನ್ನೂ ಇಲ್ಲ, ಬನ್ನಿ" ಅನ್ನೋಳು. ನನ್ನ ಗಂಡ ನನ್ನನ್ನ ಒಂದು ದಿನಾನೂ ಹಾಗೆ ಕೇಳಲಿಲ್ಲ. ಕೇಳ್ತಿದ್ದದ್ದು ಒಂದೇ, ಇನ್ನೊಂದು ಮದುವೆ ಮಾಡ್ಕೊಳ್ಳಲಾ ಅಂತ.

ಅರವತ್ತೊಂದನೇ ಇಸವಿ. ಲಕ್ಷ್ಮಿದೇವಿನ ಪೆರೇಸಂದ್ರಕ್ಕೆ ಕೊಟ್ಟು ಎರಡು ವರ್ಷ ಆಗಿತ್ತು, ಅಳಿಯ ಚೆನ್ನರಾಯಪ್ಪ. ಏಳು ತಿಂಗಳ ಬಸುರಿ, ಬಾಣಂತನಕ್ಕೆ ತವರಿಗೆ ಬಂದಳು. ಬಂದವಳೇ ಅಣಬೆ ಸಾರು ಅಂತ ಕೂತಳು. "ಅಮ್ಮಾ, ಪೆರೇಸಂದ್ರದಲ್ಲಿ ಯಾರಿಗೂ ಮಾಡೋಕೆ ಬರಲ್ಲ ಕಣಮ್ಮಾ. ಬಾಯಲ್ಲಿ ನೀರೂರುತ್ತೆ" ಅನ್ನೋಳು. ಬಸುರಿ ಬಯಕೆ, ಇಲ್ಲ ಅನ್ನೋಕಾಗುತ್ತಾ? ಮಳೆ ಬರಲಿ ತಾಯಿ, ಮಳೆ ಬರಲಿ ಅಂತ ಅಕ್ಕ ಆಕಾಶ ನೋಡ್ತಾ ಇದ್ದಳು. ಶುಕ್ರವಾರ ಸಂಜೆ ಉತ್ತರೆ ಮಳೆ ಗುಡುಗಿಕೊಂಡು ಬಂತು.

ಶನಿವಾರ ನಮ್ಮನೇಲಿ ಬಾಡು ಮುಟ್ಟಲ್ಲ, ವೆಂಕಟರಮಣಸ್ವಾಮಿ ವಾರ. ಅಣಬೇನೂ ಬಾಡಿನ ಲೆಕ್ಕವೇ. ಆದರೆ ಎದ್ದ ಅಣಬೆ ಭಾನುವಾರದವರೆಗೆ ಕಾಯುತ್ತಾ? ಹುಳ ಬೀಳುತ್ತೆ. ಬಸುರಿಗೆ ದೋಷ ಇಲ್ಲ, ಅವಳೊಬ್ಬಳಿಗೇ ಮಾಡೋಣ ಅಂತ ತೀರ್ಮಾನ ಆಯ್ತು. ಆವತ್ತು ಬೆಳಗ್ಗೆ ಗಂಡಸರಿಬ್ಬರೂ ಹೊಲಕ್ಕೆ ಹೋದ ಮೇಲೆ ಅಕ್ಕ ಮಗಳಿಗೆ ಎಣ್ಣೆ ನೀರು ಹಾಕೋಕೆ ಕೂತಿದ್ದಳು. ಕೈತುಂಬ ಹರಳೆಣ್ಣೆ. "ಕದಿರೀ, ನೀನೇ ಹೋಗಿ ಬಾರೇ. ಹುಣಸೆಮರದ ಹಿಂದಿನ ಹುತ್ತ, ಆಮೇಲೆ ಬಂಡೆ ಪಕ್ಕದ್ದು. ಅವೆರಡೇ ಸಾಕು" ಅಂದಳು. ಒಬ್ಬಳನ್ನೇ ಕಳಿಸಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿ ಆಯ್ತು ಅಂದರೆ, ಚಪ್ಪಲಿ ಇಲ್ಲದ ಕಾಲಲ್ಲಿ ಓಡಿದೆ.

ಹುಣಸೆಮರದ ಹುತ್ತದಲ್ಲಿ ನನಗಿಂತ ಮುಂಚೆ ಯಾರೋ ಬಂದು ಹೋಗಿದ್ದರು. ಬರೀ ಚಿವುಟಿದ ಗುರುತು. ಬಂಡೆ ಪಕ್ಕದ್ದರಲ್ಲಿ ಏಳೋ ಎಂಟೋ, ಅದೂ ಸಣ್ಣವು. ನಾಗಪ್ಪನಿಗೆ ಒಂದು ಬಿಟ್ಟೆ. ಪುಟ್ಟಿಯ ತಳ ಕೂಡ ಮುಚ್ಚಲಿಲ್ಲ. ಇಷ್ಟು ತಗೊಂಡು ಹೋದರೆ ನಗ್ತಾಳೆ, ಕಣ್ಣು ಎಲ್ಲಿ ಬಿಟ್ಟು ಹೋಗಿದ್ದೆ ಅಂತಾಳೆ. ತಲೆ ಎತ್ತಿ ನೋಡಿದೆ. ನೀಲಗಿರಿ ಸಾಲಿನ ನೆರಳಲ್ಲಿ, ಉದುರಿದ ಎಲೆ ತಳ್ಳಿಕೊಂಡು, ಬೆಳ್ಳಗೆ, ಅಂಗೈಯಗಲ ಕೊಡೆ ಬಿಚ್ಚಿ ನಿಂತಿದ್ದವು ನಾಲ್ಕು. ಎಷ್ಟು ಚೆನ್ನಾಗಿದ್ದವು ಅಂದರೆ! ಒಂದು ಹುಳ ಇಲ್ಲ, ಒಂದು ಕಲೆ ಇಲ್ಲ. ಮೂಸಿ ನೋಡಿದೆ, ಕೆಟ್ಟ ವಾಸನೆ ಏನೂ ಬರಲಿಲ್ಲ. ಅಕ್ಕನ ಮಾತು ನೆನಪಿಗೆ ಬರಲಿಲ್ಲ ಅಂದರೆ ಸುಳ್ಳಾಗುತ್ತೆ. ಬಂತು. ಅವಳಿಗೆ ಗೊತ್ತಿಲ್ಲದ್ದು ನನಗಾದರೂ ಗೊತ್ತಿರಬಾರದಾ ಅಂದುಕೊಂಡೆ. ಕಲಿತ ಹಾಗೇ ಮಣ್ಣಿನ ಮಟ್ಟಕ್ಕೆ ಉಗುರಲ್ಲಿ ಚಿವುಟಿದೆ. ಬುಡ ಮಣ್ಣಲ್ಲೇ ಉಳೀತು.

ಮನೆಗೆ ಬಂದಾಗ ಅಕ್ಕ ಇನ್ನೂ ಬಚ್ಚಲಲ್ಲೇ ಇದ್ದಳು, ಮಗಳ ತಲೆಗೆ ಸೀಗೆಪುಡಿ ಹಾಕ್ತಾ. "ಸಿಕ್ತೇನೇ?" ಅಂದಳು.

"ಪುಟ್ಟಿ ತುಂಬ."

"ಎಲ್ಲಾ ಹುತ್ತದ್ದೇನಾ?"

"ಎಲ್ಲಾ ಹುತ್ತದ್ದೇ ಕಣಕ್ಕಾ."

ಅಷ್ಟೇ. ಆ ಒಂದು ಮಾತು. ಅವಳು ಬಂದು ನೋಡೋಕೆ ಮುಂಚೆ ನಾನು ಸಿಪ್ಪೆ ಸುಲಿದು, ಕೈಯಲ್ಲೇ ಎಳೆ ಎಳೆ ಸೀಳಿ ಅರಿಶಿನದ ನೀರಿಗೆ ಹಾಕಿದ್ದೆ. ಸೀಳಿದ ಮೇಲೆ ಯಾವುದು ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ನನಗೆ ಒಳಗೊಂದು ಅಳುಕು ಇದ್ದೇ ಇತ್ತು. ದೇವರ ಪೆಟ್ಟಿಗೆಯಿಂದ ರಾಜನ ತಲೆಯ ಬೆಳ್ಳಿ ರೂಪಾಯಿ ತಂದು ಕುದಿಯೋ ಸಾರಿಗೆ ಹಾಕಿದೆ. ವಿಷ ಇದ್ದರೆ ಬೆಳ್ಳಿ ಕಪ್ಪಗಾಗುತ್ತೆ ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದೆವು. ತೆಗೆದು ನೋಡಿದರೆ ಫಳಫಳ ಅಂತಿತ್ತು. ಅಬ್ಬಾ ಅಂದುಕೊಂಡೆ. ಆ ರೂಪಾಯಿ ಈಗಲೂ ನನ್ನ ಹತ್ತಿರ ಇದೆ, ಎಸೆಯೋಕೂ ಆಗಲ್ಲ, ನೋಡೋಕೂ ಆಗಲ್ಲ.

ಲಕ್ಷ್ಮಿದೇವಿ ಎರಡು ಮುದ್ದೆ ಉಂಡಳು. ತಟ್ಟೆ ನೆಕ್ಕಿದಳು. "ಚಿಕ್ಕಮ್ಮಾ, ನಮ್ಮಮ್ಮನಿಗಿಂತ ನೀನೇ ವಾಸಿ" ಅಂದಳು. ಅಕ್ಕ ನಕ್ಕು, "ಹೋಗೇ, ಬಿನ್ನಾಣಗಿತ್ತಿ" ಅಂದು ಮಗಳ ಬೆನ್ನಿಗೊಂದು ಗುದ್ದಿದಳು. ವಾರ ಅಂತ ನಾವು ಯಾರೂ ಒಂದು ಹನಿ ಬಾಯಿಗಿಡಲಿಲ್ಲ.

ಭಾನುವಾರ ಬೆಳಕು ಹರಿಯೋ ಹೊತ್ತಿಗೆ ವಾಂತಿ ಶುರುವಾಯ್ತು. ವಾಂತಿ ಅಂದರೆ ಅಂಥಿಂಥದ್ದಲ್ಲ, ಜೊತೆಗೆ ಭೇದಿ. ನೀರು ಕುಡಿದರೆ ನೀರೂ ನಿಲ್ಲಲಿಲ್ಲ. ಅಕ್ಕ ನನ್ನನ್ನ ಹಿತ್ತಲಿಗೆ ಕರೆದಳು. "ಕದಿರೀ, ನಿಜ ಹೇಳು. ಎಲ್ಲಾ ಹುತ್ತದ್ದೇ ತಾನೆ?"

ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಗಂಡ ಹಸುವಿಗೆ ಹುಲ್ಲು ಹಾಕೋಕೆ ಆ ಕಡೆಯಿಂದ ಬಂದ. "ಹುತ್ತದ್ದೇ ಕಣಕ್ಕಾ, ನಿನ್ನಾಣೆ" ಅಂದುಬಿಟ್ಟೆ.

ಅವಳು ನಂಬಿದಳು. ತನಗೆ ತಾನೇ ಸಮಾಧಾನ ಹೇಳಿಕೊಂಡಳು. "ಕೆಟ್ಟದ್ದಾಗಿದ್ದರೆ ಕೈ ಒಣಗೋಕೆ ಮುಂಚೆ ಕಕ್ಕಿಸ್ತಿತ್ತು. ನಿನ್ನೆ ಮಧ್ಯಾಹ್ನ ಉಂಡದ್ದು. ಪಿತ್ತ ಇರಬೇಕು, ಬಸುರಿಗೆ ಪಿತ್ತ ಹೆಚ್ಚು" ಅಂತ ಜೀರಿಗೆ ಕಷಾಯ ಕಾಸಿದಳು. ಅವಳು ಕಂಡಿದ್ದ ಕೆಟ್ಟ ಅಣಬೆಗಳೆಲ್ಲ ಅಂಥವೇ, ತಿಂದ ಗಳಿಗೆಗೇ ಕಕ್ಕಿಸೋವು. ಇಷ್ಟು ಹೊತ್ತು ಹೊಟ್ಟೆಯಲ್ಲಿ ಸುಮ್ಮನೆ ಕೂತಿರೋ ವಿಷ ಒಂದಿದೆ ಅಂತ ಅವಳಿಗೆ ಹೇಳಿಕೊಟ್ಟೋರು ಯಾರಿದ್ದರು?

ಸೋಮವಾರವೂ ಹಾಗೇ ಕಳೀತು. ಬಾವ, ನಾಳೆ ಗಾಡಿ ಕಟ್ಟಿ ಮಂಚೇನಹಳ್ಳಿಗೆ ಹೋಗಿ, ಅಲ್ಲಿಂದ ಬಸ್ಸಲ್ಲಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹಾಕೋಣ ಅಂದರು. ನಾನು ಮಂಗಳವಾರ ಬೆಳಗ್ಗೆ ಬಾವಿಕಟ್ಟೆ ಮೇಲೆ ಕೂತು ಗಟ್ಟಿ ಮನಸ್ಸು ಮಾಡಿದೆ. ಹೇಳಿಬಿಡ್ತೀನಿ, ಗಂಡ ಹೊಡೀಲಿ, ಬಿಡಲಿ, ಹುಡುಗಿ ಬದುಕಿಕೊಳ್ಳಲಿ. ಬಿಂದಿಗೆ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದೆ.

ಬಂದು ನೋಡಿದರೆ ಲಕ್ಷ್ಮಿದೇವಿ ಎದ್ದು ಕೂತಿದ್ದಾಳೆ! ವಾಂತಿ ನಿಂತಿದೆ, ಭೇದಿ ನಿಂತಿದೆ. ರಾಗಿ ಗಂಜಿ ಬೇಕು ಅಂತಿದ್ದಾಳೆ. "ಚಿಕ್ಕಮ್ಮಾ, ನಿನ್ನ ಸಾರಿಗೆ ದೃಷ್ಟಿ ತಗುಲಿತು ಕಣೇ" ಅಂತ ನಗ್ತಾಳೆ. ಅಕ್ಕ ಮಗಳ ಕೆನ್ನೆ ಹಿಡಿದು ಗಳಗಳ ಅಳ್ತಾಳೆ. ದೇವರೇ, ಉಳಿಸಿದೆ ಅಂದುಕೊಂಡೆ. ಉಳಿಸಿದ್ದು ಹುಡುಗಿಯನ್ನೋ, ನನ್ನನ್ನೋ, ಆಗ ಯೋಚನೆ ಮಾಡಲಿಲ್ಲ. ಹೊರಗೆ ಬಾವ ಎತ್ತು ಹೂಡ್ತಾ ಇದ್ದರು. ನಾನೇ ಹೋಗಿ, "ಇನ್ಯಾಕೆ ಬಾವ, ಚೆನ್ನಾಗಿದಾಳಲ್ಲ. ಗಾಡೀಲಿ ಕುಲುಕಿಸಿಕೊಂಡು ಬಸುರಿನ ಎಲ್ಲಿಗೆ ಕರಕೊಂಡು ಹೋಗ್ತೀರಿ" ಅಂದೆ. ಬಾವ ಎತ್ತು ಬಿಚ್ಚಿದರು.

ಬುಧವಾರ ಬೆಳಗ್ಗೆ ಅವಳ ಕಣ್ಣು ಅರಿಶಿನ ಆಗಿತ್ತು. ಮಾತು ತೊದಲ್ತಾ ಇತ್ತು. ಗಾಡಿ ಕಟ್ಟಿದರು, ಬಸ್ಸು ಹತ್ತಿಸಿದರು. ಚಿಕ್ಕಬಳ್ಳಾಪುರದಲ್ಲಿ ಡಾಕ್ಟರು ಮೊದಲು ಕೇಳಿದ್ದೇ, ಏನು ತಿಂದಳು ಅಂತ. ಅಣಬೆ ಅಂದಾಗ ತಲೆ ಮೇಲೆ ಕೈ ಇಟ್ಟುಕೊಂಡರು. ಇದು ಹೀಗೇ, ಮಧ್ಯೆ ಒಂದು ದಿನ ವಾಸಿ ಆದ ಹಾಗೆ ಕಾಣುತ್ತೆ, ಒಳಗೆ ಲಿವರು ಸಾಯ್ತಾ ಇರುತ್ತೆ, ಮೊದಲ ದಿನವೇ ತಂದಿದ್ದರೆ ಪ್ರಯತ್ನ ಮಾಡಬಹುದಿತ್ತು ಅಂದರು. ಬಹುದಿತ್ತು. ಆ ಮಾತನ್ನ ನಾನು ಎಷ್ಟು ಸಲ ತಿರುವಿ ಹಾಕಿದ್ದೀನೋ. ಶುಕ್ರವಾರ ಮಧ್ಯಾಹ್ನ ಲಕ್ಷ್ಮಿದೇವಿ ಹೋದಳು. ಹೊಟ್ಟೆಯಲ್ಲಿದ್ದ ಕೂಸೂ ಹೋಯ್ತು. ಹತ್ತೊಂಬತ್ತು ವರ್ಷ ಅವಳಿಗೆ.

ಮೂರನೇ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಅಕ್ಕ ಕುಡುಗೋಲು ಹಿಡಿದು ಗುಡ್ಡದ ಕಡೆ ಹೋದಳು. ಯಾರೂ ತಡೀಲಿಲ್ಲ. ನಾನು ಹಿತ್ತಲಲ್ಲಿ ಮಡಕೆ ತೊಳೀತಿದ್ದೆ. ವಾಪಸ್ಸು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಸೆರಗಿನ ಗಂಟು ಬಿಚ್ಚಿದಳು. ಮಣ್ಣು ಮೆತ್ತಿದ ನಾಲ್ಕು ಬುಡ ಬಿದ್ದವು, ಅರ್ಧ ಕೊಳೆತವು, ಮೇಲೆ ಉಗುರಲ್ಲಿ ಚಿವುಟಿದ ಗುರುತು. ಜೊತೆಗೆ ಹೊಸದಾಗಿ ಎದ್ದಿದ್ದ ಒಂದು, ಇಡಿಯಾಗಿ ಅಗೆದು ತಂದದ್ದು. ಅದರ ಬುಡದ ಸುತ್ತ ಒಡೆದ ಕೋಳಿಮೊಟ್ಟೆ ಸಿಪ್ಪೆಯ ಹಾಗೆ ಬಿಳೀ ಬಟ್ಟಲು.

"ಹುತ್ತದ್ದಕ್ಕೆ ಬುಡದಲ್ಲಿ ಉದ್ದ ಬೇರು ಇರುತ್ತೆ. ಇದಕ್ಕೆ ಬಟ್ಟಲು ಇದೆ ನೋಡು" ಅಂದಳು. ದನಿ ಏರಲಿಲ್ಲ. "ಬುಡ ಕಿತ್ತಿದ್ದರೆ ಕುರುಡಿಗೂ ಗೊತ್ತಾಗ್ತಿತ್ತು. ಬುಡ ಮುಟ್ಟಬೇಡ ಅಂತ ನಿನಗೆ ಕಲಿಸಿದವಳು ನಾನು."

ನಾನು ಅವಳ ಕಾಲ ಮೇಲೆ ಬಿದ್ದೆ. ಎಲ್ಲಾ ಹೇಳಿದೆ. ಬಾವಿಕಟ್ಟೆಯದ್ದೂ ಹೇಳಿದೆ, ಎತ್ತು ಬಿಚ್ಚಿಸಿದ್ದೂ ಹೇಳಿದೆ. ಅವಳು ಕಾಲು ಎಳೆದುಕೊಂಡಳು. "ಮುಟ್ಟಬೇಡ ನನ್ನ" ಅಂದಳು. ಆಮೇಲೆ, "ಇನ್ಯಾರಿಗೆ ಹೇಳಿದೀಯ?" ಅಂದಳು. ಯಾರಿಗೂ ಇಲ್ಲ ಅಂದೆ. ಅವಳು ಎದ್ದು, ಆ ಇಡೀ ಅಣಬೆ ಹಿಡಿದು ಜಗಲಿಗೆ ಹೋದಳು. ಅಲ್ಲಿ ಬಾವ ಇದ್ದರು, ನನ್ನ ಗಂಡ ಇದ್ದ, ಪೆರೇಸಂದ್ರದಿಂದ ಬಂದ ಅಳಿಯನ ಕಡೆಯವರಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

"ಇದೇ ಆ ಅಣಬೆ. ನೀಲಗಿರಿ ತೋಪಿಂದು. ನಾನೇ ಕಿತ್ತೆ. ನನ್ನ ಕಣ್ಣು ತಪ್ಪಿತು" ಅಂದಳು.

ಆವತ್ತು ಹೊರಗೆ ಬರಬೇಕಿತ್ತು ನಾನು. ಬಾಗಿಲ ಹಿಂದೆಯೇ ನಿಂತೆ.

ಆ ಸಂಜೆಯಿಂದ ಬಾವ ಅವಳ ಜೊತೆ ಮಾತು ಬಿಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ. ಹೊಲದಿಂದ ಬರೋರು, ಕಂಬದ ಹತ್ತಿರ ನೇಗಿಲು ಇಡೋರು, ಕಾಲು ತೊಳೆಯೋಕೆ ಹೋಗೋರು. ಅವಳು ಮೊದಲ ಕೆಲವು ದಿನ ತಲೆ ಎತ್ತಿ ಕಾಯ್ತಿದ್ದಳು. ಆಮೇಲೆ ತಲೆ ಎತ್ತೋದು ಬಿಟ್ಟಳು, ಆ ಜಾಗ ಮಾತ್ರ ಬಿಡಲಿಲ್ಲ. ಬಾವ ಉಣ್ಣೋಕೆ ಕೂತರೆ, "ಕದಿರಮ್ಮ, ನೀನೇ ಇಕ್ಕಮ್ಮ" ಅನ್ನೋರು. ಅವಳ ಕೈಯಿಂದ ಒಂದು ಲೋಟ ನೀರೂ ತಗೊಳ್ತಿರಲಿಲ್ಲ. ಒಂದು ದಿನ ನನಗೆ, "ನೀನೊಬ್ಬಳು ಇದ್ದೀಯಲ್ಲಮ್ಮ, ಅದಕ್ಕೇ ಈ ಮನೇಲಿ ಇದೀನಿ" ಅಂದರು. ನಾನು ಸೌಟು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದೆ.

ಅಕ್ಕ ದೇವತೆ ಏನಲ್ಲ. ಹಾಗಂತ ನಾನು ಹೇಳಿದರೆ ಅವಳೇ ನನ್ನ ಬಾಯಿಗೆ ಹೊಡೀತಿದ್ದಳು. ಒಂದು ವರ್ಷ ನಾನು ಮಾಡಿದ ಅಡುಗೆ ಮುಟ್ಟಲಿಲ್ಲ, ತನ್ನ ಮುದ್ದೆ ತಾನೇ ತೊಳಸಿಕೊಂಡಳು. ಯಾಕಕ್ಕಾ ನಿನ್ನ ಮೇಲೆ ಹಾಕಿಕೊಂಡೆ ಅಂತ ಒಂದು ಸಲ ಕೇಳಿದೆ. ರಾಗಿ ಕೇರ್ತಾ ಇದ್ದಳು, ಮೊರ ನಿಲ್ಲಿಸಲಿಲ್ಲ.

"ನಿಜ ಗೊತ್ತಾಗಿದ್ರೆ ನಿನ್ನ ಗಂಡ ಆವತ್ತೇ ಹೊರಗೆ ಹಾಕ್ತಿದ್ದ. ತವರಲ್ಲಿ ನಿನಗೆ ಯಾರಿದ್ದಾರೆ? ನೇರವಾಗಿ ಬಾವಿಗೆ ಹೋಗ್ತಿದ್ದೆ. ಒಂದು ವಾರಕ್ಕೆ ಈ ಮನೆಗೆ ಎಷ್ಟು ಹೆಣ ಬೇಕು?" ಅಂದಳು. ಮೊರದ ಹೊಟ್ಟು ಊದಿ, "ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ಕಣೇ. ಹೋಗ್ಲಿ ಅಂತ ನಾನೂ ನೋಡ್ತೀನಿ. ಹೋಗಲ್ಲ" ಅಂದಳು.

ಮುಂದಿನ ಮಳೆಗಾಲದಿಂದ ಅವಳು ಅಣಬೆ ತಿನ್ನಲಿಲ್ಲ, ಮನೆಗೂ ತರಲಿಲ್ಲ. ಆದರೆ ಗುಡುಗು ಬಂದ ಮಾರನೇ ದಿನ ಕುಡುಗೋಲು ಹಿಡಿದು ಹೋಗೋಳು, ನನ್ನನ್ನ ಎಳಕೊಂಡು. ಹುತ್ತದ ಅಣಬೆ ಒಂದನ್ನ ಬೇರು ಸಮೇತ ಅಗೆಯೋಳು, ತೋಪಿನದ್ದು ಒಂದನ್ನ ಬಟ್ಟಲು ಸಮೇತ ಅಗೆಯೋಳು. ಎರಡನ್ನೂ ಹಿಡಿದು ಮನೆಮನೆ ಬಾಗಿಲಿಗೆ ಹೋಗಿ ಹೆಂಗಸರಿಗೆ ತೋರಿಸೋದು. "ಚಿವುಟಬೇಡಿ, ಬುಡ ಕಿತ್ತು ನೋಡಿ. ಬಟ್ಟಲಿದ್ರೆ ಸಾವು. ಬೆಳ್ಳಿ ಹಾಕಿ ನೋಡಿದೆ ಅಂತ ನಂಬಬೇಡಿ" ಅನ್ನೋಳು. ಕೆಲವರು ಕೇಳೋರು. ಕೆಲವರು, ಮಗಳನ್ನ ತಿಂದಿದ್ದು ಸಾಲದು ಅಂತ ಈಗ ನಾಗಪ್ಪನ ಹುತ್ತ ಕೆದಕ್ತಾಳೆ ಅಂತ ಮುಖಕ್ಕೇ ಬಾಗಿಲು ಹಾಕೋರು. "ನಾಗಪ್ಪನಿಗೂ ಮರಿ ಇರ್ತಾವೆ, ಅವನಿಗೆ ಅರ್ಥ ಆಗುತ್ತೆ. ನಿಮಗೆ ಆಗಲ್ಲ" ಅಂತ ಮುಚ್ಚಿದ ಬಾಗಿಲಿಗೇ ಹೇಳಿ ಮುಂದಿನ ಮನೆಗೆ ಹೋಗೋಳು. ಒಂದು ವರ್ಷ ಪಕ್ಕದ ಬೀದಿಯ ಓಬಳಮ್ಮನ ಪುಟ್ಟಿಯಲ್ಲಿ ಮೂರು ಬಟ್ಟಲಿನವು ಸಿಕ್ಕವು. ಆ ಮನೇಲಿ ಆರು ಜನ ಇದ್ದರು. ಓಬಳಮ್ಮ ಅಕ್ಕನ ಕೈ ಹಿಡಿದು ಅತ್ತಳು. ಆ ಸುದ್ದಿ ಬಾವನ ಕಿವಿಗೂ ಬಿತ್ತು. ಆ ರಾತ್ರೀನೂ ನನ್ನ ಕೈಲೇ ಇಕ್ಕಿಸಿಕೊಂಡು ಉಂಡರು.

ಅರವತ್ತೊಂಬತ್ತರ ಬೇಸಿಗೆಯಲ್ಲಿ ಅಕ್ಕನಿಗೆ ಜ್ವರ ಹಿಡೀತು, ಬಿಡಲಿಲ್ಲ. ನಲವತ್ತಾರು ವರ್ಷಕ್ಕೆ ಮೂಳೆ ಚಕ್ಕಳ ಆಗಿದ್ದಳು. ಬಾವ ಔಷಧಿ ತಂದು ಹೊಸಿಲ ಹೊರಗೆ ಇಟ್ಟು ಹೋಗೋರು. ಅವಳು ಬಾಗಿಲನ್ನೇ ನೋಡೋಳು. ನಾನು ತಡೀಲಾರದೆ, "ಹೇಳಿಬಿಡ್ತೀನಿ ಅಕ್ಕಾ, ಈಗಲೇ ಹೋಗಿ ಹೇಳ್ತೀನಿ" ಅಂತ ಎದ್ದೆ. ನನ್ನ ಸೀರೆ ಹಿಡಿದು ಎಳೆದಳು.

"ಬೇಡ. ಎಂಟು ವರ್ಷ ಸುಮ್ಮನೆ ಮಾತು ಬಿಟ್ಟೆ ಅಂತ ಗೊತ್ತಾದ್ರೆ ಅವರು ತಡೆಯಲ್ಲ. ನಾನು ಹೋದ ಮೇಲೂ ಹೇಳಬೇಡ. ನನ್ನ ಮೇಲಿನ ಸಿಟ್ಟು ಅವರಿಗೆ ಊರುಗೋಲು. ಅದನ್ನ ಕಿತ್ಕೋಬೇಡ" ಅಂದಳು.

ಎರಡು ದಿನಕ್ಕೆ ಹೋದಳು. ಬಾವ ಹೊಸಿಲು ದಾಟಿ ಒಳಗೆ ಬಂದದ್ದು ಅವಳನ್ನ ಎತ್ತೋಕೆ ಮಾತ್ರ.

ಆ ವರ್ಷದ ಪಿತೃಪಕ್ಷದಲ್ಲಿ ಹಿರಿಯರ ಎಡೆ ಇಕ್ಕಬೇಕಿತ್ತು. ಅಳಿಯ ಬೇರೆ ಮದುವೆ ಆಗಿದ್ದ, ಅಲ್ಲಿ ಲಕ್ಷ್ಮಿದೇವಿಗೆ ಇಕ್ಕೋರಿಲ್ಲ ಅಂತ ಅವಳ ಎಡೇನೂ ನಮ್ಮಲ್ಲೇ ಇಕ್ಕೋದು ಬಾವ ಮಾಡಿಕೊಂಡಿದ್ದ ಪದ್ಧತಿ. ನಾನು ಎರಡು ಎಲೆ ಹಾಸಿದೆ, ತಾಯಿಗೊಂದು, ಮಗಳಿಗೊಂದು. ಬಾವ ಬಂದು ನೋಡಿದರು. ಬಗ್ಗಿ ಒಂದು ಎಲೆ ಮಡಚಿದರು.

"ಒಂದು ಸಾಕಮ್ಮ. ಕೊಂದವಳನ್ನ ತಂದು ಸತ್ತವಳ ಪಕ್ಕ ಕೂರಿಸಬೇಡ" ಅಂದರು.

ನನಗೆ ಏನಾಯ್ತೋ ಗೊತ್ತಿಲ್ಲ. ಅಕ್ಕ ಬೇಡ ಅಂದದ್ದು ನೆನಪಿತ್ತು. ಆದರೂ ಬಾಯಿ ನನ್ನ ಕೈಲಿ ನಿಲ್ಲಲಿಲ್ಲ. "ಹಾಗಾದರೆ ನನ್ನನ್ನ ಮೊದಲು ಈ ಮನೆಯಿಂದ ಆಚೆ ಹಾಕಿ ಬಾವ!" ಅಂತ ಕಿರುಚಿದೆ. "ಕಿತ್ತವಳು ನಾನು. ಹುತ್ತದ್ದು ಅಂತ ಸುಳ್ಳು ಹೇಳಿದವಳು ನಾನು. ನಿಮ್ಮ ಎತ್ತು ಬಿಚ್ಚಿಸಿದವಳೂ ನಾನು. ಅವಳು ಆವತ್ತು ಮಗಳಿಗೆ ಎಣ್ಣೆ ಹಚ್ತಾ ಕೂತಿದ್ದಳು!"

ನನ್ನ ಗಂಡ ಕೈ ಎತ್ತಿಕೊಂಡು ಮೇಲೆ ಬಂದ. "ಬಿಡೋ" ಅಂದರು ಬಾವ. ಆ ಮಡಚಿದ ಎಲೆ ಅವರ ಕೈಯಲ್ಲೇ ಇತ್ತು.

"ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು ಬಾವ. ಮೂರನೇ ದಿನವೇ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನನ್ನನ್ನ ಉಳಿಸೋಕೆ. ಆಮೇಲೆ ಆಮೇಲೆ ನಿಮ್ಮನ್ನ."

ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಬಾವ ಮೆಲ್ಲಗೆ ಜಗಲಿಗೆ ನಡೆದರು. ಅಲ್ಲಿ ಆ ಕಂಬದಲ್ಲಿ, ಕೂತವರ ತಲೆ ತಾಗೋ ಮಟ್ಟಕ್ಕೆ, ಅವಳ ತಲೆಯ ಎಣ್ಣೆ ಹತ್ತಿ ಕಪ್ಪಾದ ಒಂದು ಕಲೆ ಇತ್ತು. ಅದರ ಮುಂದೆ ನಿಂತರು. ಹೆಗಲ ಮೇಲಿನ ಟವೆಲ್ಲು ಜಾರಿ ಬಿತ್ತು, ಎತ್ತಿಕೊಳ್ಳಲಿಲ್ಲ.

"ಊಟ ಆಯ್ತಾ, ಗಂಗೂ?" ಅಂದರು.

ನಾನು ಒಳಗೆ ಹೋಗಿ ಇನ್ನೊಂದು ಎಲೆ ತಂದು, ನೀರು ಚಿಮುಕಿಸಿ, ಲಕ್ಷ್ಮಿದೇವಿ ಎಲೆಯ ಪಕ್ಕದಲ್ಲಿ ಹಾಸಿದೆ.